ಹಾಯಿದೋಣಿಯ ತೇಗದ ಡೆಕ್: ನಿತ್ಯದ ಆರೈಕೆ, ಸಂದುಗಳ ದುರಸ್ತಿ ಮತ್ತು ವಾರ್ನಿಷ್

ಹಾಯಿದೋಣಿಯ ಡೆಕ್ಕಿಗೆ ಹೊದಿಸುವ ತೇಗದ ಹಲಗೆ ಹೊಸದಾಗಿರುವಾಗ ಸಾಮಾನ್ಯವಾಗಿ 10ರಿಂದ 12 ಮಿಲಿಮೀಟರ್ ದಪ್ಪವಿರುತ್ತದೆ. ಅಲ್ಲಿಂದ ಮುಂದೆ ಆ ದಪ್ಪ ಕಡಿಮೆಯಾಗುತ್ತಲೇ ಹೋಗುತ್ತದೆ. ಬಿಸಿಲು, ಉಪ್ಪುನೀರು ಮತ್ತು ಕಾಲ ತುಳಿತದಿಂದ ಆಗುವ ಸವೆತ ನಿಧಾನದ್ದು. ಗಟ್ಟಿ ಬ್ರಷ್ಷು, ಆಸಿಡ್ ಮತ್ತು ಉಜ್ಜುವ ಯಂತ್ರದಿಂದ ಆಗುವ ಸವೆತ ಬಹಳ ವೇಗದ್ದು. ಹತ್ತು ವರ್ಷ ಯಾರೂ ಕೈಹಾಕದೆ ಬಿಟ್ಟ ಡೆಕ್ಕಿಗಿಂತ ಪ್ರತಿ ವರ್ಷವೂ ‘ಹೊಸದರಂತೆ’ ಕಾಣಬೇಕೆಂದು ಉಜ್ಜಿಸಿಕೊಂಡ ಡೆಕ್ ಬೇಗ ತೀರಿಹೋಗುವುದು ಈ ಕಾರಣಕ್ಕೆ. ಹಲಗೆಯ ದಪ್ಪವನ್ನು ಉಳಿಸಿಕೊಳ್ಳುವುದೇ ಆರೈಕೆ, ಹೊಳಪು ಆಮೇಲಿನ ಮಾತು ಎಂಬ ನಂಬಿಕೆಯಿಂದ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಇಲ್ಲಿನ ವಿವರಗಳು ಮುಖ್ಯವಾಗಿ ಫೈಬರ್ ಗ್ಲಾಸ್ ದೋಣಿಯ ಮೇಲೆ ಸ್ಕ್ರೂ ಅಥವಾ ಅಂಟಿನಿಂದ ಕೂಡಿಸಿದ ತೇಗದ ಡೆಕ್ಕಿಗೆ ಮತ್ತು ಹಿಡಿಕಂಬಿ, ಬಾಗಿಲ ಚೌಕಟ್ಟು ಮುಂತಾದ ವಾರ್ನಿಷ್ ಹಚ್ಚಿದ ಭಾಗಗಳಿಗೆ ಅನ್ವಯಿಸುತ್ತವೆ. ಹವಾಮಾನದ ಮಾತು ಬಂದಲ್ಲೆಲ್ಲ ನಮ್ಮ ಪಶ್ಚಿಮ ಕರಾವಳಿಯನ್ನು, ಅಂದರೆ ಮುಂಬೈ, ಗೋವಾ, ಕಾರವಾರ, ಮಂಗಳೂರು, ಕೊಚ್ಚಿಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ.

ತೇಗವೇ ಏಕೆ

ನಾವು ಸಾಗುವಾನಿ ಎಂದೂ ಕರೆಯುವ ಈ ಮರದ ತಿರುಳಿನಲ್ಲಿ ಸಹಜವಾದ ಎಣ್ಣೆಯೂ ರಬ್ಬರಿನಂಥ ಒಂದು ಅಂಶವೂ ಇರುವುದರಿಂದ ನೀರು ಸುಲಭವಾಗಿ ಒಳಗಿಳಿಯುವುದಿಲ್ಲ, ಗೆದ್ದಲು ಮತ್ತು ಶಿಲೀಂಧ್ರಗಳು ಬೇಗ ಹತ್ತಿರ ಬರುವುದಿಲ್ಲ. ಒದ್ದೆಯಾದಾಗ ಹಿಗ್ಗುವುದು, ಒಣಗಿದಾಗ ಕುಗ್ಗುವುದು ಇತರ ಗಟ್ಟಿಮರಗಳಿಗೆ ಹೋಲಿಸಿದರೆ ಬಹಳ ಕಡಿಮೆ. ಒದ್ದೆಯಾಗಿದ್ದಾಗಲೂ ಬರಿಗಾಲು ಜಾರುವುದಿಲ್ಲ ಎಂಬುದು ನಾವಿಕರಿಗೆ ಇವೆಲ್ಲಕ್ಕಿಂತ ದೊಡ್ಡ ಗುಣ. ಬಾಂಬೆ ಡಾಕ್‌ಯಾರ್ಡಿನಲ್ಲಿ ವಾಡಿಯಾ ಮನೆತನದವರು ಮಲಬಾರಿನ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಎಚ್.ಎಂ.ಎಸ್. ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ನಮ್ಮ ಘಟ್ಟದ ಮರಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ.

ತೇಗದ ಇನ್ನೊಂದು ಗುಣವನ್ನು ಕೆಲಸಕ್ಕೆ ಕೈಹಾಕುವ ಮೊದಲೇ ತಿಳಿದಿರಬೇಕು. ಪ್ರತಿ ವರ್ಷದ ಬೆಳವಣಿಗೆಯಲ್ಲಿ ಮೆತ್ತನೆಯ ಒಂದು ಪದರ, ಗಟ್ಟಿಯಾದ ಒಂದು ಪದರ ಹೀಗೆ ಹಲಗೆಯುದ್ದಕ್ಕೂ ಎಳೆಗಳು ಸಾಗುತ್ತವೆ. ಉದ್ದುದ್ದಕ್ಕೆ, ಅಂದರೆ ಎಳೆಯ ದಿಕ್ಕಿನಲ್ಲಿ ಗಟ್ಟಿ ಬ್ರಷ್ಷಿನಿಂದ ಉಜ್ಜಿದರೆ ಅದರ ಕೂದಲುಗಳು ಮೆತ್ತನೆಯ ಪದರವನ್ನು ಕೆರೆದು ತೆಗೆದುಬಿಡುತ್ತವೆ, ಗಟ್ಟಿ ಪದರ ಏಣಿನಂತೆ ಎದ್ದು ನಿಲ್ಲುತ್ತದೆ. ಆ ತಗ್ಗುಗಳಲ್ಲಿ ಕೊಳೆ ಕೂರುತ್ತದೆ, ಕೊಳೆ ಹೋಗಲೆಂದು ಇನ್ನಷ್ಟು ಜೋರಾಗಿ ಉಜ್ಜುತ್ತೇವೆ, ತಗ್ಗು ಇನ್ನಷ್ಟು ಆಳವಾಗುತ್ತದೆ. ಪ್ರೆಶರ್ ವಾಷರ್ ಇದೇ ಕೆಲಸವನ್ನು ಕೆಲವೇ ನಿಮಿಷಗಳಲ್ಲಿ ಮಾಡಿ ಮುಗಿಸುತ್ತದೆ. ತೇಗದ ಡೆಕ್ಕಿನ ಹತ್ತಿರ ಅದನ್ನು ತರಲೇಬಾರದು.

ನಿತ್ಯದ ತೊಳೆತ

ಬಿಸಿಲಿಗೆ ಒಡ್ಡಿದ ತೇಗ ಕೆಲವು ತಿಂಗಳುಗಳಲ್ಲೇ ಹೊಂಬಣ್ಣ ಕಳೆದುಕೊಂಡು ಬೂದು ಬಣ್ಣಕ್ಕೆ ತಿರುಗುತ್ತದೆ. ಇದು ರೋಗವಲ್ಲ. ಬಿಸಿಲಿನ ಕಿರಣಗಳು ಮೇಲ್ಪದರದ ಬಣ್ಣವನ್ನು ಕಳೆದಿವೆ ಅಷ್ಟೇ. ಕೆಳಗಿನ ಮರ ಮೊದಲಿನಷ್ಟೇ ಗಟ್ಟಿಯಾಗಿರುತ್ತದೆ. ಸಮನಾದ, ಬೆಳ್ಳಿಯಂಥ ಬೂದು ಬಣ್ಣವಿರುವ ಡೆಕ್ಕನ್ನು ನಾನು ಆರೋಗ್ಯವಂತ ಡೆಕ್ ಎಂದೇ ಎಣಿಸುತ್ತೇನೆ. ಹಸಿರು ಛಾಯೆ ಕಂಡರೆ ಪಾಚಿ, ಕಪ್ಪು ಚುಕ್ಕಿಗಳು ಕಂಡರೆ ಬೂಷ್ಟು ಹಿಡಿದಿದೆ ಎಂದರ್ಥ, ಅವುಗಳಿಗೆ ಮಾತ್ರ ಚಿಕಿತ್ಸೆ ಬೇಕು.

ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ತೊಳೆಯುವುದಕ್ಕೆ ಸಮುದ್ರದ ನೀರೇ ಸಾಕು, ಒಂದರ್ಥದಲ್ಲಿ ಅದೇ ಉತ್ತಮ. ಮರದಲ್ಲಿ ಉಳಿಯುವ ಉಪ್ಪು ಬೂಷ್ಟು ಬೆಳೆಯದಂತೆ ತಡೆಯುತ್ತದೆ, ಗಾಳಿಯಲ್ಲಿನ ತೇವವನ್ನು ಹಿಡಿದಿಟ್ಟುಕೊಂಡು ಹಲಗೆ ಅತಿಯಾಗಿ ಒಣಗದಂತೆಯೂ ನೋಡಿಕೊಳ್ಳುತ್ತದೆ. ಬಂದರಿನೊಳಗಿನ ನೀರಿನ ಮೇಲೆ ಡೀಸೆಲ್ಲಿನ ಪದರ ತೇಲುತ್ತಿರುವುದರಿಂದ ಅಲ್ಲಿನ ನೀರನ್ನು ಎತ್ತಿ ಸುರಿಯಬಾರದು; ಹೊರಗೆ ಹೋದಾಗ ಶುದ್ಧವಾದ ಕಡೆ ಬಕೆಟ್ಟಿನಲ್ಲಿ ಎತ್ತಿಕೊಳ್ಳಬೇಕು. ಮೊದಲು ಡೆಕ್ಕನ್ನು ಚೆನ್ನಾಗಿ ನೆನೆಸಿ, ಮೆತ್ತನೆಯ ಬ್ರಷ್ಷು ಅಥವಾ ಸ್ಪಂಜಿನಿಂದ ಎಳೆಗೆ ಅಡ್ಡವಾಗಿ ಹಗುರಾಗಿ ತಿಕ್ಕಬೇಕು. ಡೆಕ್ಕಿನ ಹಲಗೆಗಳು ದೋಣಿಯ ಮೂತಿಯಿಂದ ಹಿಂಭಾಗದವರೆಗೆ ಉದ್ದಕ್ಕೆ ಸಾಗುವುದರಿಂದ ತಿಕ್ಕುವವರು ದೋಣಿಯ ಎಡದಿಂದ ಬಲಕ್ಕೆ ಕೈಯಾಡಿಸಬೇಕಾಗುತ್ತದೆ. ನಡುಹಗಲಿನಲ್ಲಿ ಈ ಕೆಲಸಕ್ಕಿಳಿಯಬೇಡಿ, ಕಾದ ಹಲಗೆಯ ಮೇಲೆ ಸೋಪಿನ ನೀರು ಉಜ್ಜುವ ಮೊದಲೇ ಒಣಗಿ ಕಲೆಯಾಗುತ್ತದೆ.

ಎಣ್ಣೆ, ಮೀನಿನ ರಕ್ತ, ಸನ್‌ಸ್ಕ್ರೀನ್, ಚಹಾ ಬಿದ್ದರೆ ಅದೇ ಕ್ಷಣ ಪಾತ್ರೆ ತೊಳೆಯುವ ಸೌಮ್ಯವಾದ ದ್ರವ ಸೋಪನ್ನು ಹಾಕಿ ತೊಳೆಯಬೇಕು. ಡೀಸೆಲ್ ಚೆಲ್ಲಿದರೆ ತಿಕ್ಕಲು ಹೋಗದೆ ಮೊದಲು ಸೀಮೆಸುಣ್ಣದ ಪುಡಿಯನ್ನೋ ಟಾಲ್ಕಂ ಪೌಡರನ್ನೋ ದಪ್ಪವಾಗಿ ಸುರಿದು ಹೀರಲು ಬಿಟ್ಟು, ಗುಡಿಸಿ ತೆಗೆದು, ಆಮೇಲೆ ಸೋಪಿನಿಂದ ತೊಳೆಯುವುದು ಒಳ್ಳೆಯದು. ಪಾತ್ರೆ ತಿಕ್ಕುವ ಕಬ್ಬಿಣದ ನಾರನ್ನು ಯಾವ ಕಾರಣಕ್ಕೂ ಬಳಸಬಾರದು: ಅದರ ಕಣ್ಣಿಗೆ ಕಾಣದ ತುಣುಕುಗಳು ಎಳೆಯೊಳಗೆ ಸಿಕ್ಕಿಕೊಂಡು ಮರುದಿನವೇ ತುಕ್ಕು ಹಿಡಿಯುತ್ತವೆ, ಮರ ಕಪ್ಪಾಗುತ್ತದೆ. ಕಂಚಿನ ನಾರು ಸಿಕ್ಕರೆ ಅದನ್ನು ಬಳಸಬಹುದು.

ಪಾಚಿ, ಬೂಷ್ಟು ಮತ್ತು ಕಲೆಗಳು

ಮಳೆಗಾಲ ಮುಗಿದಾಗ ಕರಾವಳಿಯ ದೋಣಿಗಳ ಡೆಕ್ಕಿನ ಮೇಲೆ ಹಸಿರು ಪದರ ಕಟ್ಟಿರುವುದು ಸಾಮಾನ್ಯ. ಇದಕ್ಕೆ ಬೆಂಜಾಲ್ಕೋನಿಯಂ ಕ್ಲೋರೈಡ್ ಇರುವ ಪಾಚಿನಾಶಕವನ್ನು ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ನೀರಿಗೆ ಬೆರೆಸಿ, ಒಣಗಿದ ಡೆಕ್ಕಿನ ಮೇಲೆ ಸಿಂಪಡಿಸಿ ಹಾಗೆಯೇ ಬಿಡುವುದು ಉತ್ತಮ ವಿಧಾನ. ಉಜ್ಜುವ ಅಗತ್ಯವಿಲ್ಲ. ಕೆಲವು ದಿನಗಳಲ್ಲಿ ಪಾಚಿ ಸತ್ತು ಕಂದುಬಣ್ಣಕ್ಕೆ ತಿರುಗುತ್ತದೆ, ಸಾಮಾನ್ಯ ತೊಳೆತಕ್ಕೆ ಬಿಟ್ಟುಹೋಗುತ್ತದೆ. ಅದು ಸಿಗದಿದ್ದರೆ ನೀರು ಬೆರೆಸಿದ ಬಿಳಿ ವಿನೆಗರ್ ಸಣ್ಣ ಜಾಗಗಳಿಗೆ ಸಾಕಾಗುತ್ತದೆ. ಬಟ್ಟೆಗೆ ಬಳಸುವ ಕ್ಲೋರಿನ್ ಬ್ಲೀಚನ್ನು ಪದೇಪದೇ ಸುರಿಯುವ ಅಭ್ಯಾಸ ಕೆಟ್ಟದ್ದು, ಅದು ಮರದ ನಾರನ್ನೇ ತಿನ್ನುತ್ತದೆ, ಹಲಗೆಗಳ ನಡುವಿನ ಸಂದುಗಳಲ್ಲಿ ತುಂಬಿದ ಕಪ್ಪು ರಬ್ಬರನ್ನೂ ಬಿಡುವುದಿಲ್ಲ.

ತುಕ್ಕಿನ ಕಲೆ ಮತ್ತು ಹಟ ಹಿಡಿದ ಕಪ್ಪು ಗುರುತುಗಳಿಗೆ ಆಕ್ಸಾಲಿಕ್ ಆಸಿಡ್ ನಿಜವಾಗಿ ಕೆಲಸ ಮಾಡುತ್ತದೆ. ಒಂದು ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ ಪುಡಿಯನ್ನು ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ, ಒದ್ದೆ ಮಾಡಿದ ಡೆಕ್ಕಿನ ಮೇಲೆ ಕಲೆಯಿರುವಷ್ಟು ಜಾಗಕ್ಕೆ ಹಚ್ಚಿ, ಕಾಲು ಗಂಟೆ ಒಣಗದಂತೆ ನೋಡಿಕೊಂಡು, ಬಳಿಕ ಧಾರಾಳವಾದ ನೀರಿನಿಂದ ತೊಳೆಯಬೇಕು. ಕೊನೆಯಲ್ಲಿ ಅಡಿಗೆ ಸೋಡಾ ಕದಡಿದ ನೀರನ್ನು ಒಮ್ಮೆ ಹಾಯಿಸಿದರೆ ಉಳಿದ ಆಸಿಡ್ ಶಮನವಾಗುತ್ತದೆ. ಇದು ವಿಷವಸ್ತು, ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಪುಡಿ ಬೆರೆಸುವಾಗ ಮೂಗಿಗೆ ಮಾಸ್ಕ್ ಕಡ್ಡಾಯ. ಅಲ್ಯುಮಿನಿಯಂ ಹಳಿ, ಕಂಬಗಳಿಗೆ ತಾಗದಂತೆ ಮೊದಲೇ ಸುತ್ತ ನೀರು ಹಾಕಿ ನೆನೆಸಿಡಬೇಕು. ಆಸಿಡ್ ಇರುವ ಯಾವ ಕ್ಲೀನರನ್ನೂ ಕ್ಲೋರಿನ್ ಬ್ಲೀಚಿನ ಜೊತೆ, ಅಥವಾ ಬ್ಲೀಚ್ ಹಾಕಿ ಸರಿಯಾಗಿ ತೊಳೆಯದ ಜಾಗದಲ್ಲಿ, ಬಳಸಬೇಡಿ. ಹುಟ್ಟುವ ಕ್ಲೋರಿನ್ ಅನಿಲ ಪ್ರಾಣಕ್ಕೇ ಅಪಾಯ.

ಮಾರುಕಟ್ಟೆಯಲ್ಲಿ ಎರಡು ಬಾಟಲಿಗಳ ಜೋಡಿಯಾಗಿ ಸಿಗುವ ಕ್ಲೀನರುಗಳ ಬಗ್ಗೆ ಒಂದು ಮಾತು. ಮೊದಲನೆಯದು ಕಾಸ್ಟಿಕ್ ಸೋಡಾದಂಥ ತೀವ್ರ ಕ್ಷಾರ, ಎರಡನೆಯದು ಅದನ್ನು ಶಮನಗೊಳಿಸುವ ಆಸಿಡ್. ಫಲಿತಾಂಶ ಬೆರಗಾಗುವಂತಿರುತ್ತದೆ: ಅರ್ಧ ಗಂಟೆಯಲ್ಲಿ ಬೂದು ಡೆಕ್ ಹೊಂಬಣ್ಣಕ್ಕೆ ಬರುತ್ತದೆ. ಆದರೆ ತೊಳೆದ ನೀರು ಕಂದುಬಣ್ಣದಲ್ಲಿ ಹರಿದುಹೋಗುವುದನ್ನು ಗಮನಿಸಿ, ಅದರಲ್ಲಿ ಕೊಳೆಯ ಜೊತೆ ಮರವೂ ಇದೆ. ದೋಣಿ ಮಾರಾಟಕ್ಕಿದ್ದಾಗಲೋ ಡೆಕ್ ತೀರಾ ಹಾಳಾಗಿದ್ದಾಗಲೋ ಒಮ್ಮೆ ಬಳಸಿದರೆ ಕ್ಷಮಿಸಬಹುದು. ವರ್ಷವರ್ಷದ ಪದ್ಧತಿಯಾದರೆ ಡೆಕ್ಕಿನ ಆಯುಷ್ಯವನ್ನು ಕೈಯಾರೆ ಕಡಿದಂತೆ.

‘ಟೀಕ್ ಆಯಿಲ್’ ಹಚ್ಚಬೇಕೇ ಎಂಬ ಪ್ರಶ್ನೆಯನ್ನು ಹೊಸಬರೆಲ್ಲರೂ ಕೇಳುತ್ತಾರೆ. ಕಾಲಿಡುವ ಡೆಕ್ಕಿಗೆ ಬೇಡವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆ ಹೆಸರಿನಲ್ಲಿ ಮಾರುವುದು ಬಹುಮಟ್ಟಿಗೆ ಅಗಸೆ ಎಣ್ಣೆ ಅಥವಾ ಟಂಗ್ ಎಣ್ಣೆಗೆ ರಾಳ, ಥಿನ್ನರ್ ಬೆರೆಸಿದ ಮಿಶ್ರಣ. ನಮ್ಮ ಬಿಸಿಲಿನಲ್ಲಿ ಅದು ಕೆಲವು ವಾರಗಳಲ್ಲಿ ಕಪ್ಪಾಗುತ್ತದೆ, ಧೂಳು ಹಿಡಿಯುತ್ತದೆ, ಬೂಷ್ಟಿಗೆ ಆಹಾರವೂ ಆಗುತ್ತದೆ. ಕರಾವಳಿಯ ಮೀನುಗಾರರು ಮರದ ದೋಣಿಗಳಿಗೆ ಬಳಿಯುತ್ತ ಬಂದಿರುವ ಮೀನೆಣ್ಣೆ ಮತ್ತು ಗೇರುಬೀಜದ ಸಿಪ್ಪೆಯ ಎಣ್ಣೆ ದೋಣಿಯ ಮೈಯನ್ನು ಕಾಪಾಡುವುದರಲ್ಲಿ ಪಳಗಿದ ಮದ್ದುಗಳೇ ಹೌದು. ಆದರೆ ಬಿಳಿ ಜೆಲ್‌ಕೋಟಿನ (ಫೈಬರ್ ಗ್ಲಾಸಿನ ನುಣುಪಾದ ಹೊರಪದರ) ನಡುವೆ ಇರುವ ಬರಿಗಾಲಿನ ಡೆಕ್ಕಿಗೆ ಅವು ಹೊಂದುವುದಿಲ್ಲ.

ಡೆಕ್ಕಿನ ತಪಾಸಣೆ

ದುರಸ್ತಿಗೆ ಇಳಿಯುವ ಮೊದಲು ಒಂದು ದಿನವನ್ನು ಪರೀಕ್ಷೆಗೆ ಮೀಸಲಿಡಿ. ಬೆಳಗ್ಗೆ ಡೆಕ್ಕಿನ ಮೇಲೆಲ್ಲ ಸಿಹಿನೀರು ಸುರಿದು, ಬಿಸಿಲಿಗೆ ಒಣಗಲು ಬಿಟ್ಟು, ಹತ್ತಿರದಲ್ಲೇ ಕುಳಿತು ನೋಡುತ್ತಿರಬೇಕು. ಹಲಗೆಗಳ ನಡುಭಾಗ ಮೊದಲು ತಿಳಿಯಾಗುತ್ತದೆ. ಸಂದಿನ ರಬ್ಬರ್ ಮರಕ್ಕೆ ಸರಿಯಾಗಿ ಅಂಟಿಕೊಂಡಿರುವ ಕಡೆ ಅಂಚುಗಳೂ ಅದರ ಹಿಂದೆಯೇ ಒಣಗುತ್ತವೆ. ಅಂಟು ಬಿಟ್ಟಿರುವ ಕಡೆ ಸಂದಿನೊಳಗೆ ನಿಂತ ನೀರು ಮೆಲ್ಲನೆ ಹೊರಬರುತ್ತಿರುವುದರಿಂದ, ಉಳಿದ ಡೆಕ್ಕೆಲ್ಲ ಒಣಗಿದ ಎಷ್ಟೋ ಹೊತ್ತಿನ ಮೇಲೂ ರಬ್ಬರಿನ ಪಕ್ಕದಲ್ಲಿ ಪೆನ್ಸಿಲಿನಿಂದ ಎಳೆದಂಥ ಕಪ್ಪು ಗೆರೆ ಉಳಿಯುತ್ತದೆ. ಕಣ್ಣಿಗೆ ಎಷ್ಟೇ ಗಟ್ಟಿಯಾಗಿ ಕಂಡರೂ ಆ ಸಂದು ಸೋತಿದೆ. ಅಂಥ ಪ್ರತಿಯೊಂದು ಗೆರೆಯ ಎರಡೂ ತುದಿಗೆ ಮಾಸ್ಕಿಂಗ್ ಟೇಪಿನ ತುಂಡು ಅಂಟಿಸಿ ಗುರುತು ಮಾಡಿಕೊಳ್ಳಿ.

ಬಳಿಕ ಸುತ್ತಿಗೆಯ ಮರದ ಹಿಡಿಯಿಂದ ಡೆಕ್ಕನ್ನು ಗೇಣು ಗೇಣಿಗೆ ತಟ್ಟುತ್ತ ಹೋಗಬೇಕು. ಗಟ್ಟಿಯಾಗಿರುವ ಕಡೆ ಸದ್ದು ಸ್ಪಷ್ಟವಾಗಿ ಹೊಮ್ಮುತ್ತದೆ. ಹಲಗೆ ಕೆಳಗಿನಿಂದ ಬಿಟ್ಟಿದ್ದರೆ ಅಥವಾ ಒಳಗಿನ ತಿರುಳು ಕೊಳೆತಿದ್ದರೆ ಮಂಕಾದ, ಪೊಳ್ಳು ಸದ್ದು ಬರುತ್ತದೆ. ಎಷ್ಟೋ ಫೈಬರ್ ಗ್ಲಾಸ್ ಡೆಕ್ಕುಗಳ ಎರಡು ಪದರಗಳ ನಡುವೆ ಬಾಲ್ಸಾ ಮರದ ಹಗುರ ತಿರುಳಿರುತ್ತದೆ. 1970 ಮತ್ತು 80ರ ದಶಕಗಳಲ್ಲಿ ಕಟ್ಟಿದ ದೋಣಿಗಳಲ್ಲಿ, ವಿಶೇಷವಾಗಿ ತೈವಾನಿನಲ್ಲಿ ಕಟ್ಟಿದವುಗಳಲ್ಲಿ, ಹಲಗೆಗಳನ್ನು ನೂರಾರು ಸ್ಕ್ರೂಗಳಿಂದ ಬಿಗಿದಿರುವುದರಿಂದ ಒಂದೊಂದು ಸ್ಕ್ರೂ ತೂತೂ ಆ ತಿರುಳಿಗೆ ನೀರು ಇಳಿಯುವ ದಾರಿ. ದೊಡ್ಡ ಜಾಗದಲ್ಲಿ ಪೊಳ್ಳು ಸದ್ದು ಬಂದರೆ, ತುಳಿದಾಗ ಡೆಕ್ ತಗ್ಗಿದಂತಾದರೆ, ಮೇಲಿನ ಸಂದು ತುಂಬಿ ಪ್ರಯೋಜನವಿಲ್ಲ, ಫೈಬರ್ ಗ್ಲಾಸ್ ಕೆಲಸ ಬಲ್ಲವರನ್ನು ಕರೆಯಬೇಕು.

ಕೊನೆಗೆ ದಪ್ಪ ಅಳೆಯಿರಿ. ಹ್ಯಾಚಿನ (ಡೆಕ್ಕಿನ ಮೇಲಿನ ಮುಚ್ಚಳದ ಬಾಗಿಲು) ಅಂಚಿನಲ್ಲಿ ಅಥವಾ ರಬ್ಬರ್ ಕಿತ್ತ ಸಂದಿನಲ್ಲಿ ವರ್ನಿಯರ್ ಕ್ಯಾಲಿಪರಿನ ಆಳದ ಕಡ್ಡಿಯನ್ನು ಇಳಿಸಿ ನೋಡಬಹುದು. 8 ಮಿಲಿಮೀಟರಿಗಿಂತ ಹೆಚ್ಚು ಮರ ಉಳಿದಿದ್ದರೆ ಒಮ್ಮೆ ಹಗುರಾಗಿ ಉಜ್ಜಿ ಸಮ ಮಾಡುವ ಅವಕಾಶವಿದೆ. ಸ್ಕ್ರೂ ಹಾಕಿದ ಡೆಕ್ಕಿನಲ್ಲಿ 6ಕ್ಕಿಂತ ಕಡಿಮೆಯಾಗಿದ್ದರೆ ಉಜ್ಜುವ ಯೋಚನೆಯನ್ನೇ ಬಿಡಬೇಕು, ಏಕೆಂದರೆ ಸ್ಕ್ರೂ ತಲೆಯನ್ನು ಮುಚ್ಚುವ ಮರದ ಬಿರಡೆಗೆ ಹಿಡಿದು ನಿಲ್ಲಲು ಜಾಗವೇ ಉಳಿದಿರುವುದಿಲ್ಲ.

ಬಿದ್ದ ಬಿರಡೆಗಳನ್ನು ಕೂರಿಸುವುದು

ಸ್ಕ್ರೂ ತಲೆಗಳನ್ನು ಮುಚ್ಚಲು ತೇಗದ ಸಣ್ಣ ದುಂಡು ಬಿರಡೆಗಳನ್ನು ಹಾಕಿರುತ್ತಾರೆ. ಡೆಕ್ ಸವೆದಂತೆ ಇವು ತೆಳುವಾಗಿ ಕಿತ್ತುಬರುತ್ತವೆ. ಒಂದು ಬಿರಡೆ ಬಿದ್ದದ್ದು ಕಂಡ ದಿನವೇ ಸರಿಪಡಿಸುವುದು ಕ್ಷೇಮ. ಹಳೆಯ ಚೂರುಗಳನ್ನು ಸಣ್ಣ ಉಳಿಯಿಂದ, ತೂತಿನ ಅಂಚು ಮುಕ್ಕಾಗದಂತೆ ತೆಗೆದು, ಸ್ಕ್ರೂ ಬಿಚ್ಚಿ, ಒಳಗೆ ತೇವವಿದ್ದರೆ ಕೆಲವು ದಿನ ಟೇಪ್ ಹಾಕದೆ, ಮಳೆ ತಾಗದಂತೆ ನೆರಳಿನ ಹೊದಿಕೆಯ ಕೆಳಗೆ ಒಣಗಲು ಬಿಡಬೇಕು. ಬಳಿಕ ಡ್ರಿಲ್ ಬಿಟ್ಟಿಗೆ ಆಳದ ತಡೆ ಕಟ್ಟಿಕೊಂಡು ಸ್ಕ್ರೂ ತಲೆ ಕೂರುವ ಗುಳಿಯನ್ನು ಒಂದೆರಡು ಮಿಲಿಮೀಟರ್ ಆಳ ಮಾಡಿ, ಕೆಳಗಿನ ಸಣ್ಣ ತೂತಿಗೆ ಎಪಾಕ್ಸಿಯನ್ನು (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ಸಿರಿಂಜಿನಿಂದ ತುಂಬಿ, ಸ್ಕ್ರೂವನ್ನು ಮತ್ತೆ ಕೂರಿಸಬೇಕು. ಹಲಗೆಯ ಕೆಳಗಿನ ಅಂಟು ಗಟ್ಟಿಯಾಗಿದ್ದರೆ ಸ್ಕ್ರೂ ಇಲ್ಲದೆಯೂ ನಡೆಯುತ್ತದೆ, ತೂತನ್ನು ಎಪಾಕ್ಸಿಯಿಂದಲೇ ಪೂರ್ತಿ ಮುಚ್ಚಿ ಮೇಲೆ ಬಿರಡೆ ಹಾಕಬಹುದು.

ಬಿರಡೆಯನ್ನು ತೇಗದ ಹಲಗೆಯ ಅಗಲದ ಮುಖದಿಂದ ಪ್ಲಗ್ ಕಟರಿನಲ್ಲಿ ಕೊರೆದು ತೆಗೆದಿರಬೇಕು. ಗೂಟದಂತೆ ತುದಿಯ ಮುಖದಿಂದ ಕತ್ತರಿಸಿದ್ದಾದರೆ ನೀರನ್ನು ಹೀರುತ್ತದೆ. ಅಸಿಟೋನಿನಿಂದ ಒರೆಸಿ, ಎಪಾಕ್ಸಿ ಹಚ್ಚಿ, ಅದರ ಎಳೆ ಡೆಕ್ಕಿನ ಎಳೆಗೆ ಸರಿಯಾಗಿ ಒಂದೇ ದಿಕ್ಕಿಗೆ ಬರುವಂತೆ ತಿರುಗಿಸಿ, ಮರದ ಕೊಡತಿಯಿಂದ ಹಗುರಾಗಿ ತಟ್ಟಬೇಕು. ಜೋರಾಗಿ ಹೊಡೆದು ಅಮುಕಿದ ಬಿರಡೆ ಮುಂದೆ ನೀರು ಕುಡಿದು ಉಬ್ಬಿ ಮೇಲೇಳುತ್ತದೆ. ಒಂದು ದಿನ ಬಿಟ್ಟು ಉಬ್ಬಿರುವ ಭಾಗವನ್ನು ಕತ್ತರಿಸುವಾಗ ಆತುರ ಸಲ್ಲದು. ಹರಿತವಾದ ಉಳಿಯನ್ನು ಓರೆ ಮುಖ ಕೆಳಗಾಗಿ ಹಿಡಿದು, ಡೆಕ್ಕಿನಿಂದ ಎರಡು ಮೂರು ಮಿಲಿಮೀಟರ್ ಮೇಲೆ ಮೊದಲ ಕಡಿತ ಹಾಕಿ ನೋಡಿ. ಬಿರಡೆ ಸೀಳಿಕೊಂಡ ಮುಖ ಒಂದು ಕಡೆಗೆ ಇಳಿಜಾರಾಗಿರುತ್ತದೆ, ಎಳೆ ಆ ಕಡೆಗೆ ಕೆಳಗಿಳಿಯುತ್ತಿದೆ ಎಂದರ್ಥ. ಮುಂದಿನ ಕಡಿತವನ್ನು ತಗ್ಗಿರುವ ಬದಿಯಿಂದ ಎತ್ತರದ ಬದಿಯ ಕಡೆಗೆ ಹಾಕಿದರೆ ಸೀಳು ಮೇಲ್ಮುಖವಾಗಿ ಹೋಗುತ್ತದೆ, ಬಿರಡೆ ಡೆಕ್ಕಿನ ಮಟ್ಟಕ್ಕೆ ಚೊಕ್ಕಟವಾಗಿ ನಿಲ್ಲುತ್ತದೆ. ಈ ಪರೀಕ್ಷೆ ಮಾಡದೆ ಒಂದೇ ಏಟಿಗೆ ಬುಡದಲ್ಲಿ ಕಡಿದರೆ ಸೀಳು ಡೆಕ್ಕಿನ ಮಟ್ಟಕ್ಕಿಂತ ಕೆಳಗಿಳಿದು ಅರ್ಧ ಬಿರಡೆ ಕಿತ್ತುಬರುವ ಸಂಭವವಿದೆ. ತೇಗದಲ್ಲಿರುವ ಸಿಲಿಕಾ ಉಳಿಯ ಬಾಯನ್ನು ಬಹಳ ಬೇಗ ಮೊಂಡಾಗಿಸುತ್ತದೆ, ಆದ್ದರಿಂದ ಸಾಣೆಕಲ್ಲು ಪಕ್ಕದಲ್ಲೇ ಇರಲಿ.

ಸಂದುಗಳಿಗೆ ಹೊಸ ರಬ್ಬರ್ ತುಂಬುವುದು

ಇದು ಇಡೀ ದುರಸ್ತಿಯಲ್ಲಿ ಹೆಚ್ಚು ತಾಳ್ಮೆ ಬೇಡುವ ಕೆಲಸ. ಸಂದು ಸಾಮಾನ್ಯವಾಗಿ 4ರಿಂದ 6 ಮಿಲಿಮೀಟರ್ ಅಗಲ, ಹೆಚ್ಚುಕಡಿಮೆ ಅಷ್ಟೇ ಆಳ ಇರುತ್ತದೆ. ಹಳೆಯ ಕಪ್ಪು ರಬ್ಬರಿನ ಎರಡೂ ಅಂಚನ್ನು ಚೂಪಾದ ಚಾಕುವಿನಿಂದ ಸೀಳಿ, ಕೊಕ್ಕೆಯಂತೆ ಬಾಗಿಸಿದ ಉಪಕರಣದಿಂದ ಎಳೆದು ತೆಗೆಯಬೇಕು. ಹಳೆಯ ಸ್ಕ್ರೂಡ್ರೈವರಿನ ತುದಿಯನ್ನು ಕಾಯಿಸಿ ಬಗ್ಗಿಸಿ, ಸಂದಿನ ಅಗಲಕ್ಕೆ ಅರೆದುಕೊಂಡರೆ ಒಳ್ಳೆಯ ಕೊಕ್ಕೆಯಾಗುತ್ತದೆ. ಗೋಡೆಗೆ ಅಂಟಿ ಉಳಿದ ತೆಳು ಪದರವನ್ನು ಕಂಪಿಸುವ ಬ್ಲೇಡಿನ ಮಲ್ಟಿಟೂಲಿನಿಂದಲೋ ಮರಕ್ಕೆ ಸುತ್ತಿದ 80ನೇ ನಂಬರಿನ ಉಪ್ಪುಕಾಗದದಿಂದಲೋ ತೆಗೆದು, ಎರಡೂ ಗೋಡೆಗಳಲ್ಲಿ ಹೊಸ ಮರ ಕಾಣುವಂತೆ ಮಾಡಬೇಕು. ಇಲ್ಲಿ ಉಳಿಸಿದ ಒಂದಿಂಚು ಹಳೆಯ ರಬ್ಬರ್ ಮುಂದಿನ ಮಳೆಗಾಲದ ಸೋರಿಕೆಯಾಗುತ್ತದೆ.

ಸಂದುಗಳನ್ನು ಗಾಳಿಯಂತ್ರದಿಂದ ಊದಿ ಚೊಕ್ಕಟ ಮಾಡಿ, ಮರದ ತೇವಾಂಶ ಶೇಕಡಾ 12ಕ್ಕಿಂತ ಕೆಳಗಿಳಿಯುವವರೆಗೆ ಒಣಗಲು ಬಿಡಿ. ಆಮೇಲೆ ಸಂದಿನ ತಳಕ್ಕೆ ಮಾತ್ರ ತೆಳುವಾದ ಪ್ಲಾಸ್ಟಿಕ್ ಟೇಪನ್ನು ಹಾಸಬೇಕು. ಅನೇಕರು ಬಿಟ್ಟುಬಿಡುವ ಈ ಹಂತದ ಮೇಲೆಯೇ ರಬ್ಬರಿನ ಆಯುಷ್ಯ ನಿಂತಿದೆ. ಹಲಗೆಗಳು ಹಿಗ್ಗಿ ಕುಗ್ಗುವಾಗ ರಬ್ಬರ್ ಎರಡು ಗೋಡೆಗಳ ನಡುವೆ ಮಾತ್ರ ಹಿಡಿದುಕೊಂಡಿದ್ದರೆ ಸರಾಗವಾಗಿ ಎಳೆಯುತ್ತದೆ. ತಳಕ್ಕೂ ಅಂಟಿಕೊಂಡಿದ್ದರೆ ಎಳೆಯಲು ಅವಕಾಶವಿಲ್ಲದೆ ಒಂದು ಬದಿಯಿಂದ ಹರಿದುಬರುತ್ತದೆ. ಟೇಪ್ ಹಾಕಿದ ಮೇಲೆ ಗೋಡೆಗಳನ್ನು ಅಸಿಟೋನ್ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿ ಮರದ ಮೇಲ್ಮೈಯ ಎಣ್ಣೆಯನ್ನು ತೆಗೆದು, ತಯಾರಕರು ಪ್ರೈಮರ್ ಹೇಳಿದ್ದರೆ ಹಚ್ಚಿ, ಅವರು ಕೊಟ್ಟ ಅವಧಿಯೊಳಗೆ ರಬ್ಬರ್ ತುಂಬಬೇಕು.

ಡೆಕ್ಕಿಗೆಂದೇ ತಯಾರಿಸಿದ ಸೀಲೆಂಟನ್ನೇ, ಅಂದರೆ ಸಂದಿಗೆ ತುಂಬುವ ಹಸಿ ರಬ್ಬರನ್ನೇ, ಆರಿಸಿಕೊಳ್ಳಿ. ಪಾಲಿಸಲ್ಫೈಡ್, ಪಾಲಿಯುರೆಥೇನ್, ಡೆಕ್ಕಿಗೆ ತಕ್ಕ ವಿಶೇಷ ಸಿಲಿಕೋನ್ ಹೀಗೆ ಬಗೆಗಳಿವೆ. ಸಿಕಾಫ್ಲೆಕ್ಸ್-290 ಡಿಸಿ ಇಂಥ ಒಂದು ಪಾಲಿಯುರೆಥೇನ್. ಬಚ್ಚಲುಮನೆಯ ಟೈಲ್ಸಿಗೆ ಹಾಕುವ, ವಿನೆಗರ್ ವಾಸನೆಯ ಸಿಲಿಕೋನ್ ಇಲ್ಲಿ ಸಲ್ಲದು. ಅದರ ಎಣ್ಣೆಯಂಶ ಮರಕ್ಕೆ ಇಳಿದ ಮೇಲೆ ಬೇರೆ ಯಾವುದೂ ಆ ಜಾಗಕ್ಕೆ ಅಂಟುವುದಿಲ್ಲ. ಗನ್ನಿನ ಮೂತಿಯನ್ನು ಸಂದಿನ ತಳಕ್ಕೆ ತಾಗಿಸಿ, ಗಾಳಿಗುಳ್ಳೆ ಸಿಗದಂತೆ ಕೆಳಗಿನಿಂದ ತುಂಬುತ್ತ ಒಂದೇ ವೇಗದಲ್ಲಿ ಸಾಗಿ, ಸಂದಿನಿಂದ ಸ್ವಲ್ಪ ಉಕ್ಕುವಷ್ಟು ಬಿಡಬೇಕು. ಒಂದೆರಡು ಮೀಟರ್ ತುಂಬಿದೊಡನೆ ಬಾಗುವ ಪುಟ್ಟಿ ಬ್ಲೇಡನ್ನು ಓರೆಯಾಗಿ ಹಿಡಿದು ಒತ್ತುತ್ತ ಎಳೆದರೆ ರಬ್ಬರ್ ಗೋಡೆಗಳಿಗೆ ಗಟ್ಟಿಯಾಗಿ ಕೂರುತ್ತದೆ. ಬೆಳಗಿನ ಹೊತ್ತು ಈ ಕೆಲಸಕ್ಕೆ ಒಳ್ಳೆಯದಲ್ಲ: ಬಿಸಿಲೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಹಸಿ ರಬ್ಬರಿನಲ್ಲಿ ಗುಳ್ಳೆಗಳನ್ನು ಎಬ್ಬಿಸುತ್ತದೆ. ಬಿಸಿಲು ಇಳಿಯತೊಡಗುವ ಸಂಜೆಯ ಮುಂಚಿನ ಹೊತ್ತು ಸರಿಯಾದದ್ದು. ತುಂಬಿದ ಮೇಲೆ ಮಳೆ ಮತ್ತು ಪಾದಗಳಿಂದ ಕಾಪಾಡಿ, ಸುಮಾರು ಒಂದು ವಾರ ಅಥವಾ ತಯಾರಕರು ಹೇಳಿದಷ್ಟು ದಿನ ಗಟ್ಟಿಯಾಗಲು ಬಿಡಿ. ಉಬ್ಬಿರುವುದನ್ನು ಚೂಪಾದ ಬ್ಲೇಡಿನಿಂದ ಕತ್ತರಿಸಿ, ಆಮೇಲೆ ಅಗತ್ಯವಿರುವಷ್ಟೇ 80, 120ನೇ ನಂಬರಿನ ಕಾಗದದಿಂದ ಎಳೆಯ ದಿಕ್ಕಿನಲ್ಲಿ ಉಜ್ಜಿ. ಇದಕ್ಕಿಂತ ನುಣುಪು ಮಾಡಿದರೆ ಡೆಕ್ ಜಾರುತ್ತದೆ. ತೇಗದ ಪುಡಿ ಕೆಲವರ ಚರ್ಮಕ್ಕೆ, ಉಸಿರಾಟಕ್ಕೆ ಅಲರ್ಜಿ ತರುವುದರಿಂದ ಮಾಸ್ಕ್ ಇಲ್ಲದೆ ಉಜ್ಜಬೇಡಿ.

ಹಿಡಿಕಂಬಿ ಮತ್ತು ಚೌಕಟ್ಟುಗಳಿಗೆ ವಾರ್ನಿಷ್

ಕಾಲು ತಾಗದ ಭಾಗಗಳಿಗೆ ವಾರ್ನಿಷ್ ಹಚ್ಚಿದರೆ ತೇಗದ ನಿಜವಾದ ಚೆಲುವು ಕಾಣುತ್ತದೆ, ಮರ ಸವೆಯುವುದೂ ನಿಲ್ಲುತ್ತದೆ. ಬಿಸಿಲಿನ ಕಿರಣ ತಡೆಯುವ ಅಂಶವಿರುವ, ದೋಣಿಗೆಂದೇ ಮಾಡಿದ ಸ್ಪಾರ್ ವಾರ್ನಿಷ್ ಬೇಕು. ಮನೆಯ ಪೀಠೋಪಕರಣದ ಪಾಲಿಶ್ ಒಂದು ಬೇಸಿಗೆಯನ್ನೂ ತಾಳುವುದಿಲ್ಲ. ಹಳೆಯ ವಾರ್ನಿಷನ್ನು ಹೀಟ್ ಗನ್ನಿನಿಂದ ಮೆತ್ತಗೆ ಮಾಡಿ ಕೆರೆಯುವ ಬ್ಲೇಡಿನಿಂದ ಎಳೆಯುದ್ದಕ್ಕೂ ತೆಗೆದು, 100, 150, 180ನೇ ನಂಬರಿನ ಕಾಗದದಿಂದ ಕ್ರಮವಾಗಿ ಉಜ್ಜಬೇಕು. ಚೂಪಾದ ಮೂಲೆಗಳಲ್ಲಿ ವಾರ್ನಿಷ್ ತೆಳುವಾಗಿ ನಿಂತು ಮೊದಲು ಅಲ್ಲಿಯೇ ಒಡೆಯುವುದರಿಂದ ಎಲ್ಲ ಮೂಲೆಗಳನ್ನೂ ಮೂರು ಮಿಲಿಮೀಟರಿನಷ್ಟು ದುಂಡಗೆ ಮಾಡಿಕೊಳ್ಳಿ.

ಅಸಿಟೋನಿನಿಂದ ಬಟ್ಟೆಗೆ ಕಂದುಬಣ್ಣ ಹತ್ತದಿರುವವರೆಗೂ ಒರೆಸಿ, ಒಳಗಿನ ಎಣ್ಣೆ ಮತ್ತೆ ಮೇಲೆ ಬರುವ ಮೊದಲೇ, ಅಂದರೆ ಗಂಟೆಯೊಳಗೆ ಮೊದಲ ಕೈ ಹಚ್ಚಬೇಕು. ಮೊದಲ ಕೈಗೆ ವಾರ್ನಿಷ್ ಮತ್ತು ಥಿನ್ನರ್ ಸಮಸಮ, ಎರಡನೆಯದಕ್ಕೆ ಕಾಲುಭಾಗ ಥಿನ್ನರ್, ಮೂರನೆಯದಕ್ಕೆ ಹತ್ತನೇ ಒಂದು ಭಾಗ, ಆಮೇಲೆ ಬಹುಮಟ್ಟಿಗೆ ಹಾಗೆಯೇ. ಒಟ್ಟು ಆರರಿಂದ ಎಂಟು ಕೈಗಳಾದರೂ ಬೇಕು. ಮೂರನೆಯ ಕೈಯ ನಂತರ ಪ್ರತಿ ಸಲವೂ ಪೂರ್ತಿ ಒಣಗಿದ ಮೇಲೆ 240, ಕೊನೆಕೊನೆಗೆ 320ನೇ ನಂಬರಿನ ಕಾಗದದಿಂದ ಹೊಳಪು ಮುಗಿಯುವಷ್ಟು ಉಜ್ಜಿ, ಪುಡಿಯನ್ನು ಅಂಟುಬಟ್ಟೆಯಿಂದ ಒರೆಸಬೇಕು. ಡಬ್ಬಿಯನ್ನು ಕುಲುಕಬಾರದು, ಗುಳ್ಳೆಗಳೇಳುತ್ತವೆ. ಬೇಕಾದಷ್ಟನ್ನು ಮೆಲ್ಲಗೆ ಕಲಕಿ, ತೆಳುಬಟ್ಟೆಯಲ್ಲಿ ಸೋಸಿ ಬೇರೆ ಬಟ್ಟಲಿಗೆ ಹಾಕಿಕೊಂಡು, ಬ್ರಷ್ಷನ್ನು ಮೂರನೇ ಒಂದು ಭಾಗವಷ್ಟೇ ಅದ್ದಿ ಮೊದಲು ಅಡ್ಡಕ್ಕೆ ಹರಡಿ, ಕೊನೆಯಲ್ಲಿ ತುದಿಯಿಂದ ಎಳೆಯುದ್ದಕ್ಕೆ, ಹಸಿಯಿರುವ ಅಂಚಿನ ಕಡೆಗೆ ಸವರಬೇಕು.

ಪಶ್ಚಿಮ ಕರಾವಳಿಯಲ್ಲಿ ಇದಕ್ಕೆ ನವೆಂಬರ್ ಕೊನೆಯಿಂದ ಫೆಬ್ರವರಿವರೆಗಿನ ಕಾಲ ತಕ್ಕದ್ದು. ಬೆಳಗಿನ ಇಬ್ಬನಿ ಪೂರ್ತಿ ಆರಿದ ಮೇಲೆ ಆರಂಭಿಸಿ, ಮಧ್ಯಾಹ್ನದ ಕಡಲಗಾಳಿ ಧೂಳು ತರುವ ಮೊದಲು ಮುಗಿಸಿ, ಸಂಜೆಯ ತೇವ ಇಳಿಯುವ ಹೊತ್ತಿಗೆ ವಾರ್ನಿಷ್ ಕೈಗಂಟದಷ್ಟು ಒಣಗಿರುವಂತೆ ಲೆಕ್ಕ ಹಾಕಬೇಕು. ವಾರ್ನಿಷ್ ಹಚ್ಚಿದ ಭಾಗಗಳ ಮೇಲಿನ ಉಪ್ಪನ್ನು, ಡೆಕ್ಕಿಗೆ ಹೇಳಿದ್ದಕ್ಕೆ ವಿರುದ್ಧವಾಗಿ, ಸಿಹಿನೀರಿನಿಂದ ತೊಳೆಯಬೇಕು. ಹೊಳಪು ಮಂಕಾಗತೊಡಗಿದಾಗಲೇ ಎರಡು ಕೈ ಹಚ್ಚಿದರೆ ಬುಡದವರೆಗೆ ಕೆರೆಯುವ ಪ್ರಸಂಗ ಎಷ್ಟೋ ವರ್ಷ ಬರುವುದಿಲ್ಲ; ಗೀಚು ಬಿದ್ದ ಜಾಗಕ್ಕೆ ಆ ವಾರವೇ ವಾರ್ನಿಷ್ ಮುಟ್ಟಿಸದಿದ್ದರೆ ನೀರು ಒಳನುಗ್ಗಿ ಸುತ್ತಲೂ ಹಳದಿಯಾಗಿ ಸಿಪ್ಪೆ ಏಳುತ್ತದೆ. ಅಗಸೆ ಎಣ್ಣೆ ಅಥವಾ ವಾರ್ನಿಷ್ ಹೀರಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಹುಟ್ಟುವ ಬಿಸಿಯಿಂದ ಅವು ತಾವಾಗಿಯೇ ಹೊತ್ತಿಕೊಳ್ಳುತ್ತವೆ. ನೀರಿನಲ್ಲಿ ಮುಳುಗಿಸಿ, ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಡಬೇಕು.

ಹಲಗೆ ಬದಲಿಸಬೇಕಾದಾಗ

ಒಂದೆರಡು ಹಲಗೆ ಸೀಳಿದ್ದರೆ ಅಷ್ಟನ್ನು ಮಾತ್ರ ಕತ್ತರಿಸಿ ತೆಗೆದು ಹೊಸದನ್ನು ಎಪಾಕ್ಸಿಯಿಂದ ಕೂರಿಸಬಹುದು. ಮರ ಆರಿಸುವಾಗ ತುದಿಯ ಮುಖವನ್ನು ನೋಡಿ: ಬೆಳವಣಿಗೆಯ ಗೆರೆಗಳು ಹಲಗೆಯ ಮೇಲ್ಮುಖಕ್ಕೆ ಹೆಚ್ಚುಕಡಿಮೆ ನೇರವಾಗಿ ನಿಂತಿರಬೇಕು. ಮಲಗಿದ ಗೆರೆಗಳಿರುವ ಹಲಗೆ ಬೇಗ ಬಾಗುತ್ತದೆ, ಸಿಬಿರೇಳುತ್ತದೆ. ಅಂಚಿನಲ್ಲಿ ಬಿಳಿಚಿದ ಹೊರಮರ ಒಂದಿಷ್ಟೂ ಇರಬಾರದು, ತೇಗದ ಬಾಳಿಕೆಯೆಲ್ಲ ತಿರುಳಿನದು. 2014ರಲ್ಲಿ ಮ್ಯಾನ್ಮಾರ್ ದಿಮ್ಮಿಗಳ ರಫ್ತನ್ನು ನಿಲ್ಲಿಸಿದ ಮೇಲೆ ಬರ್ಮಾ ತೇಗವೆಂದು ಹೇಳಿ ಮಾರುವ ಮರದ ಮೂಲದ ಬಗ್ಗೆ ಎಚ್ಚರದಿಂದ ವಿಚಾರಿಸಬೇಕಾಗಿದೆ. ಕರ್ನಾಟಕದಲ್ಲಿರುವವರಿಗೆ ದಾಂಡೇಲಿಯ ಅರಣ್ಯ ಇಲಾಖೆ ಡಿಪೋದ ಹರಾಜಿನಲ್ಲಿ ಬರುವ ಮರ ದಾಖಲೆಯ ಸಮೇತ ಸಿಗುತ್ತದೆ. ಡೆಕ್ಕಿನ ದುರಸ್ತಿಗೆ ಬೇಕಾಗುವುದು ಕೆಲವೇ ಅಡಿ ಮರವಾದ್ದರಿಂದ, ಹರಾಜಿನಲ್ಲಿ ದಿಮ್ಮಿ ಕೊಳ್ಳುವ ಮರದ ಮಿಲ್ಲಿನವರಿಂದ ಬೇಕಾದಷ್ಟು ಹಲಗೆಯನ್ನು ಬಿಲ್ ಸಹಿತ ಸೀಳಿಸಿಕೊಳ್ಳುವುದು ಸುಲಭ.

ಮಳೆಗಾಲದ ಹೊದಿಕೆ

ಜೂನ್‌ಗೆ ಮೊದಲೇ ದೋಣಿಗೆ ಹೊದಿಕೆ ಹಾಕಿ. ಹೊದಿಕೆ ಡೆಕ್ಕಿಗೆ ತಾಗಬಾರದು. ಬೂಮಿನ, ಅಂದರೆ ಹಾಯಿಯ ಕೆಳ ಅಂಚನ್ನು ಹಿಡಿದಿರುವ ಅಡ್ಡಕಂಬದ, ಮೇಲಿಂದ ಎರಡೂ ಬದಿಗೆ ಇಳಿಬಿಟ್ಟು, ಮುಂದೆ ಹಿಂದೆ ಗಾಳಿಯಾಡಲು ಜಾಗ ಬಿಟ್ಟು, ಅಂಚನ್ನು ರೇಲಿಂಗಿನ ಹೊರಗೆ ಕಟ್ಟಬೇಕು. ಡೆಕ್ಕಿನ ಮೇಲೆ ನೇರವಾಗಿ ಹಾಸಿದ ಪಾಲಿಥೀನ್ ಹಾಳೆಯ ಕೆಳಗೆ ಮೂರು ತಿಂಗಳಲ್ಲಿ ಬೆಳೆಯುವ ಬೂಷ್ಟು ಬರಿಯ ಮಳೆಗೆ ಒಡ್ಡಿದ ಡೆಕ್ಕಿನಲ್ಲೂ ಬೆಳೆಯುವುದಿಲ್ಲ. ಡೆಕ್ಕಿನ ನೀರು ಹೊರಹೋಗುವ ತೂತುಗಳಲ್ಲಿ ಎಲೆ, ಹಕ್ಕಿಯ ಹಿಕ್ಕೆ ಸಿಕ್ಕಿಕೊಳ್ಳದಂತೆ ವಾರಕ್ಕೊಮ್ಮೆ ಯಾರಾದರೂ ನೋಡುವ ಏರ್ಪಾಡಿರಲಿ. ಅಕ್ಟೋಬರಿನಲ್ಲಿ ಹೊದಿಕೆ ತೆಗೆದ ಮೇಲೆ ಒಂದು ವಾರ ಬಿಸಿಲಿಗೆ ಒಣಗಲು ಬಿಟ್ಟು, ಸಮುದ್ರದ ನೀರಿನಲ್ಲಿ ಹಗುರಾಗಿ ತೊಳೆದು, ಮೇಲೆ ಹೇಳಿದ ನೀರಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ ಸೋತ ಸಂದುಗಳನ್ನು ಗುರುತಿಸಿಟ್ಟುಕೊಂಡರೆ, ಇಬ್ಬನಿ ದಟ್ಟವಾಗುವ ಮುಂಚೆಯೇ ರಬ್ಬರಿನ ಕೆಲಸ ಮುಗಿಸಿ ವಾರ್ನಿಷಿಗೆ ಕೈಹಾಕಬಹುದು.